ಬ್ರಷ್ ನಿಂತ್ರೆ ಮಷೀನ್ ಬಿಸಾಕ್ಬೇಡಿ, ಮೊದ್ಲು ಬೆಲ್ಟ್ ನೋಡಿ

ಮನೆ ಮಷೀನುಗಳ ರಿಪೇರಿ ಬಗ್ಗೆ ನೀವು ಕೇಳಿದ ಪ್ರಶ್ನೆಗಳಲ್ಲಿ ಈ ಸಲ ವ್ಯಾಕ್ಯೂಮ್ ಕ್ಲೀನರ್‌ದೇ ಜಾಸ್ತಿ, ಅದ್ರಲ್ಲೂ ಬೆಲ್ಟ್ ವಿಷ್ಯನೇ ಜಾಸ್ತಿ. ಅದಕ್ಕೇ ಇಡೀ ಅಂಕಣ ಅದಕ್ಕೇ ಕೊಡ್ತಿದೀನಿ.

ಪ್ರಶ್ನೆ: ನಮ್ಮ ಮಗಳು ಅಮೆರಿಕದಿಂದ ವಾಪಸ್ ಬರುವಾಗ ಸಾಮಾನಿನ ಜೊತೆ ಒಂದು ವ್ಯಾಕ್ಯೂಮ್ ಕ್ಲೀನರ್ ತಂದಿದ್ಲು, ನಿಂತ್ಕೊಂಡು ತಳ್ಳೋ ಥರದ್ದು, ಕೆಳಗಡೆ ಬ್ರಷ್ ತಿರುಗತ್ತೆ. ಈಗ ಕೆಲವು ದಿನದಿಂದ ಆನ್ ಮಾಡಿದ್ರೆ ಜೋರಾಗಿ ಸದ್ದು ಬರತ್ತೆ, ರಬ್ಬರ್ ಸುಟ್ಟ ವಾಸನೆ ಬರತ್ತೆ, ಬ್ರಷ್ ಮಾತ್ರ ತಿರುಗಲ್ಲ. ರಿಪೇರಿ ಅಂಗಡಿಯವರು ಮೋಟರ್ ಹೋಗಿರಬೇಕು, ಇದಕ್ಕೆ ಪಾರ್ಟ್ಸ್ ಸಿಗಲ್ಲ, ಹೊಸದು ತಗೊಳ್ಳಿ ಅಂದ್ರು. ನಿಜವಾಗ್ಲೂ ಏನೂ ಮಾಡಕ್ಕಾಗಲ್ವಾ? ನಾನು ರಿಟೈರ್ಡ್, ಟೈಮ್ ಇದೆ, ಸ್ಕ್ರೂಡ್ರೈವರ್ ಹಿಡಿಯಕ್ಕೂ ಬರತ್ತೆ. (ಓದುಗರು, ಜಯನಗರ)

ಉತ್ತರ: ಸರ್, ಮೋಟರ್ ಹೋಗಿದ್ರೆ ಸದ್ದೇ ಬರ್ತಿರ್ಲಿಲ್ಲ. ಮೋಟರ್ ಓಡ್ತಿದೆ, ಬ್ರಷ್ ನಿಂತಿದೆ, ರಬ್ಬರ್ ವಾಸನೆ ಬರ್ತಿದೆ, ಈ ಮೂರೂ ಒಟ್ಟಿಗೆ ಇದ್ರೆ ಬಹುತೇಕ ಬೆಲ್ಟೇ. ಮೋಟರ್‌ನಿಂದ ಒಂದು ಸಣ್ಣ ಲೋಹದ ಶಾಫ್ಟ್ ಬ್ರಷ್ ಇರೋ ಜಾಗಕ್ಕೆ ಚಾಚ್ಕೊಂಡಿರತ್ತೆ, ಅದಕ್ಕೂ ಬ್ರಷ್ ರೋಲರ್‌ಗೂ ಮಧ್ಯ ಒಂದು ರಬ್ಬರ್ ಬೆಲ್ಟ್ ಬಿಗಿಯಾಗಿ ಕೂತಿರತ್ತೆ. ದಿನ ಕಳೆದ ಹಾಗೆ ಬಿಸಿಗೆ ಆ ರಬ್ಬರ್ ಹಿಗ್ಗತ್ತೆ, ಒಳಮೈ ನುಣುಪಾಗಿ ಹೊಳೆಯಕ್ಕೆ ಶುರುವಾಗತ್ತೆ, ಆಮೇಲೆ ಶಾಫ್ಟ್ ತಿರುಗ್ತಾ ಇದ್ರೂ ಬೆಲ್ಟ್ ಜಾರ್ತಾ ಅಲ್ಲೇ ಇರತ್ತೆ, ಆ ಉಜ್ಜಾಟಕ್ಕೇ ವಾಸನೆ. ಇದನ್ನ ಮನೇಲೇ ಬದಲಾಯಿಸಬಹುದು, ನೀವಂತೂ ಖಂಡಿತ ಮಾಡಬಹುದು.

ಮೊದ್ಲು ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದ್ರೆ ಸಾಲದು, ಪ್ಲಗ್ಗೇ ಸಾಕೆಟ್‌ನಿಂದ ಹೊರಗೆ ಬಂದು ನಿಮ್ಮ ಕಣ್ಣಿಗೆ ಕಾಣೋ ಜಾಗದಲ್ಲಿ ಇರಬೇಕು, ಯಾಕಂದ್ರೆ ಮನೇಲಿ ಇನ್ಯಾರೋ ಬಂದು ಸ್ವಿಚ್ ಹಾಕಿಬಿಡೋದು ನಡಿಯೋದೇ. ಈಗತಾನೇ ಓಡ್ಸಿದ್ರೆ ಅರ್ಧ ಗಂಟೆ ತಣ್ಣಗಾಗಕ್ಕೆ ಬಿಡಿ, ಬೆಲ್ಟ್ ಜಾರಿದ ಶಾಫ್ಟ್ ಕೈ ಸುಡೋಷ್ಟು ಬಿಸಿ ಇರತ್ತೆ. ಧೂಳಿನ ಡಬ್ಬಿನೋ ಬ್ಯಾಗೋ ತೆಗೆದಿಟ್ಟು, ಹಳೇ ನ್ಯೂಸ್‌ಪೇಪರ್ ಹಾಸಿ ಮಷೀನ್‌ನ ಮಗುಚಿ ಮಲಗಿಸಿ.

ಕೆಳಗಿನ ಪ್ಲೇಟಿಗೆ ಸ್ಕ್ರೂಗಳಿರತ್ವೆ, ಬಹಳ ಮಷೀನಲ್ಲಿ ಸ್ಟಾರ್ ಸ್ಕ್ರೂಡ್ರೈವರ್ ಸಾಕು, ಕೆಲವಕ್ಕೆ ಆರು ಮೂಲೆಯ ಬಿಟ್ ಬೇಕು, ಇನ್ನು ಕೆಲವಕ್ಕೆ ಸ್ಕ್ರೂನೇ ಇಲ್ಲ, ಪಕ್ಕದ ಕ್ಲಿಪ್ ತಿರುಗಿಸಿದ್ರೆ ಪ್ಲೇಟ್ ಬಿಚ್ಕೊಳತ್ತೆ. ಬಿಚ್ಚೋಕೆ ಮುಂಚೆ ಫೋನಲ್ಲಿ ಒಂದು ಫೋಟೋ, ಪ್ಲೇಟ್ ತೆಗೆದ ತಕ್ಷಣ ಇನ್ನೊಂದು ಫೋಟೋ, ಬೆಲ್ಟ್ ಯಾವ ಕಡೆಯಿಂದ ಹೇಗೆ ಹೋಗಿದೆ ಅಂತ ಸರಿಯಾಗಿ ಕಾಣೋ ಹಾಗೆ. ಸ್ಕ್ರೂಗಳ ಉದ್ದ ಒಂದೇ ಇರಲ್ಲ, ಯಾವುದು ಯಾವ ತೂತಿಂದು ಅಂತ ಪೇಪರ್ ಮೇಲೆ ಅದೇ ಆಕಾರದಲ್ಲಿ ಜೋಡಿಸಿಡಿ, ಉದ್ದದ್ದನ್ನ ಗಿಡ್ಡ ಜಾಗಕ್ಕೆ ಹಾಕಿ ಬಿಗಿದ್ರೆ ಪ್ಲಾಸ್ಟಿಕ್ ಸೀಳತ್ತೆ.

ಪ್ಲೇಟ್ ತೆಗೆದ್ಮೇಲೆ ಬ್ರಷ್ ರೋಲರ್‌ನ ಎರಡೂ ತುದಿ ಹಿಡ್ಕೊಂಡು ಮೇಲಕ್ಕೆ ಎತ್ತಿದ್ರೆ ಬರತ್ತೆ. ಹಳೇ ಬೆಲ್ಟ್ ತೆಗೀರಿ. ತುಂಡಾಗಿದ್ರೆ ಚೂರುಗಳೆಲ್ಲ ಹುಡುಕಿ ತೆಗೀರಿ, ಒಂದು ಚೂರು ಒಳಗೆ ಉಳಿದ್ರೂ ಹೊಸ ಬೆಲ್ಟಿಗೆ ಸಿಕ್ಕಾಕ್ಕೊಳತ್ತೆ.

ಹೊಸ ಬೆಲ್ಟ್ ಹಾಕೋ ಆತುರ ಈಗ ಬೇಡ, ಇದು ನಾನು ತುಂಬಾ ಒತ್ತಿ ಹೇಳೋ ಮಾತು. ಬ್ರಷ್ ರೋಲರ್‌ನ ಕೈಯಲ್ಲಿ ತಿರುಗಿಸಿ ನೋಡಿ. ಎರಡು ಬೆರಳಲ್ಲಿ ತುದಿ ಹಿಡ್ಕೊಂಡು ಸುತ್ತಿದ್ರೆ ಸಲೀಸಾಗಿ ತಿರುಗಬೇಕು. ನಮ್ಮ ಮನೆಗಳಲ್ಲಿ ಉದ್ದ ಕೂದಲು, ಸೀರೆ ಕುಚ್ಚಿನ ದಾರ, ಕಾಲೊರಸಿನ ನೂಲು, ನಾಯಿ ಇದ್ರೆ ಅದರ ರೋಮ, ಎಲ್ಲಾ ಹೋಗಿ ಆ ತುದಿಗಳ ಬೇರಿಂಗ್ ಒಳಗೆ ಸುತ್ಕೊಂಡು ಗಟ್ಟಿ ಉಂಗುರ ಆಗಿರತ್ತೆ. ಬ್ರಷ್ ಬಿಗಿಯಾದ್ರೆ ಬೆಲ್ಟ್ ಮೇಲೆ ಭಾರ, ಭಾರ ಜಾಸ್ತಿ ಆದ್ರೆ ಜಾರತ್ತೆ, ಜಾರಿದ್ರೆ ಸುಡತ್ತೆ. ಅಂದ್ರೆ ಬೆಲ್ಟ್ ಹೋಗಿದ್ದಕ್ಕೆ ಕಾರಣ ಬಹಳ ಸಲ ಬೆಲ್ಟ್ ಅಲ್ಲ, ಕೂದಲು. ಸಣ್ಣ ಕತ್ತರಿನೋ, ಟೈಲರ್‌ಗಳು ಹೊಲಿಗೆ ಬಿಚ್ಚಕ್ಕೆ ಇಟ್ಕೊಂಡಿರ್ತಾರಲ್ಲ ಆ ಕೊಕ್ಕೆನೋ ತಗೊಂಡು, ರೋಲರ್ ಉದ್ದಕ್ಕೂ ಒಂದು ಗೆರೆ ಎಳೆದ ಹಾಗೆ ಕತ್ತರಿಸಿ ಕೂದಲನ್ನ ಎಳೀರಿ, ಬ್ರಷ್‌ನ ಎಳೆ ಕತ್ತರಿಸದ ಹಾಗೆ ನೋಡ್ಕೊಳ್ಳಿ. ತುದಿಯ ಮುಚ್ಚಳ ಬಿಚ್ಚಕ್ಕೆ ಬಂದ್ರೆ ಬಿಚ್ಚಿ ಅದರೊಳಗಿಂದೂ ತೆಗೀರಿ. ಬೇರಿಂಗ್‌ಗೆ ಕೊಬ್ಬರಿ ಎಣ್ಣೆ ಹೊಲಿಗೆ ಮಷೀನ್ ಎಣ್ಣೆ ಏನೂ ಬಿಡಬೇಡಿ, ಎಣ್ಣೆಗೆ ಧೂಳು ಅಂಟಿ ಕೆಸರಾಗತ್ತೆ, ಬೆಲ್ಟಿಗೆ ತಾಗಿದ್ರಂತೂ ರಬ್ಬರ್ ಹಾಳು.

ಮೋಟರ್ ಶಾಫ್ಟ್ ಮೇಲೆ ಕರಗಿದ ರಬ್ಬರ್ ಕರ್ರಗೆ ಅಂಟಿರತ್ತೆ. ಅದನ್ನ ಐಸ್‌ಕ್ರೀಮ್ ಕಡ್ಡಿ ಥರದ ಮರದ ಚೂರಲ್ಲಿ ಕೆರೆದು, ಸ್ವಲ್ಪ ಸ್ಪಿರಿಟ್ ಹಾಕಿದ ಬಟ್ಟೆಲಿ ಒರೆಸಿ, ಪೂರ್ತಿ ಒಣಗಕ್ಕೆ ಬಿಡಿ. ಉಪ್ಪು ಕಾಗದ ಉಜ್ಜಬೇಡಿ, ಶಾಫ್ಟ್ ತರಿತರಿ ಆಯ್ತಂದ್ರೆ ಹೊಸ ಬೆಲ್ಟ್‌ನ ಅದೇ ತಿಂದುಹಾಕತ್ತೆ.

ಈಗ ಹೊಸ ಬೆಲ್ಟ್. ಮೊದ್ಲು ಶಾಫ್ಟಿಗೆ ಸಿಕ್ಕಿಸಿ, ಆಮೇಲೆ ಬ್ರಷ್ ರೋಲರ್‌ನ ಬೆಲ್ಟಿನ ಕುಣಿಕೆ ಒಳಗೆ ತೂರಿಸಿ, ಬ್ರಷ್ ಎಳೆ ಇಲ್ಲದೆ ನುಣ್ಣಗಿರೋ ಆ ಪಟ್ಟಿ ಜಾಗದಲ್ಲೇ ಬೆಲ್ಟ್ ಕೂರಬೇಕು, ಆಮೇಲೆ ರೋಲರ್‌ನ ಮುಂದಕ್ಕೆ ಎಳೆದು ಎರಡೂ ತುದಿನ ಅದರದರ ಗೂಡಿಗೆ ಒತ್ತಿ. ಬೆಲ್ಟ್ ತುಂಬಾ ಚಿಕ್ಕದಾಯ್ತು, ತಪ್ಪು ಸೈಜ್ ಬಂದಿದೆ ಅಂತ ಇಲ್ಲಿ ಎಲ್ಲರಿಗೂ ಅನ್ಸತ್ತೆ. ಹಿಗ್ಗಿದ ಹಳೇದರ ಪಕ್ಕ ಇಟ್ರೆ ಹೊಸದು ಚಿಕ್ಕದಾಗೇ ಕಾಣಬೇಕು, ಎಳೆದು ಹಾಕೋದೇ ಅದು, ಬಿಗಿ ಇದ್ರೇನೇ ಹಿಡಿತ. ಕೈಗೆ ಬಲ ಸಾಲದಿದ್ರೆ ಮನೇಲಿ ಇನ್ನೊಬ್ಬರನ್ನ ಮಷೀನ್ ಹಿಡ್ಕೊಳಕ್ಕೆ ಕರೀರಿ, ಸ್ಕ್ರೂಡ್ರೈವರ್‌ನಲ್ಲಿ ಮೀಟಿ ಹಾಕಕ್ಕೆ ಹೋದ್ರೆ ಬೆಲ್ಟಿನ ಅಂಚು ಹರಿಯತ್ತೆ, ಅಂಚಲ್ಲಿ ಸಣ್ಣ ಗಾಯ ಆದ್ರೂ ಅಲ್ಲಿಂದಲೇ ತುಂಡಾಗೋದು.

ಇನ್ನು ದಿಕ್ಕು. ಬೆಲ್ಟ್ ತಿರುಚಿ ಎಂಟರ ಆಕಾರ ಆಗಿ ಕೂತ್ರೆ ಬ್ರಷ್ ಉಲ್ಟಾ ತಿರುಗತ್ತೆ, ಕಸನ ಒಳಗೆ ಎಳ್ಕೊಳ್ಳೋ ಬದಲು ಮುಂದಕ್ಕೆ ಎಸೆಯತ್ತೆ. ಮೊದ್ಲು ತೆಗೆದ ಫೋಟೋ ಇಲ್ಲೇ ಉಪಯೋಗಕ್ಕೆ ಬರೋದು, ಬಹಳ ಮಷೀನಲ್ಲಿ ಒಳಗಡೆ ಬಾಣದ ಗುರುತೂ ಇರತ್ತೆ, ಅದನ್ನೂ ನೋಡಿ. ಕೈಯಲ್ಲಿ ರೋಲರ್‌ನ ಹತ್ತು ಹದಿನೈದು ಸುತ್ತು ತಿರುಗಿಸಿ, ಬೆಲ್ಟ್ ತಾನಾಗೇ ಮಧ್ಯಕ್ಕೆ ಬಂದು ನಿಲ್ಲಬೇಕು, ಪಕ್ಕದ ಗೋಡೆಗೆ ಉಜ್ಜಬಾರದು. ಆಮೇಲೆ ಪ್ಲೇಟ್ ಮುಚ್ಚಿ, ಎಲ್ಲಾ ಸ್ಕ್ರೂ ಹಾಕಿ, ನೆಟ್ಟಗೆ ನಿಲ್ಸಿ, ಆಮೇಲಷ್ಟೇ ಪ್ಲಗ್. ಪ್ಲೇಟ್ ತೆಗೆದಿಟ್ಟು ಓಡುತ್ತಾ ನೋಡಣ ಅಂತ ಯಾವತ್ತೂ ಮಾಡಬೇಡಿ. ಮೊದಲ ಸಲ ಸ್ವಲ್ಪ ಹೊಸ ರಬ್ಬರ್ ವಾಸನೆ ಬಂದು ಹೋಗಬಹುದು, ಸುಟ್ಟ ವಾಸನೆ ಮತ್ತೆ ಬಂದ್ರೆ ತಕ್ಷಣ ನಿಲ್ಸಿ.

ಪ್ರಶ್ನೆ: ಮೇಲಿಂದ ಮೇಲೆ ಬೆಲ್ಟ್ ಕಿತ್ತೋಗತ್ತೆ ಅಂತ ಬೇಜಾರಾಗಿದೆ. ಈ ಕಂಪನಿಗಳು ಬ್ರಷ್‌ಗೆ ನೇರವಾಗಿ ಮೋಟರ್ ಜೋಡಿಸದೆ ಯಾಕೆ ಈ ರಬ್ಬರ್ ಬೆಲ್ಟ್ ಇಡ್ತಾರೆ, ಮತ್ತೆ ಮತ್ತೆ ಮಾರಕ್ಕಾ? (ಓದುಗರು, ಯಲಹಂಕ)

ಉತ್ತರ: ಇಲ್ಲ ಸರ್, ಅದಕ್ಕೆ ಒಳ್ಳೇ ಕಾರಣ ಇದೆ. ಗಾಳಿ ಎಳೆಯೋ ಮೋಟರ್ ನಿಮಿಷಕ್ಕೆ 10,000 ಸುತ್ತಿಗೂ ಮೀರಿ ಓಡತ್ತೆ, ಬ್ರಷ್‌ಗೆ ಅಷ್ಟು ವೇಗ ಬೇಡ. ಸಣ್ಣ ಶಾಫ್ಟಿಂದ ದಪ್ಪ ರೋಲರ್‌ಗೆ ಬೆಲ್ಟ್ ಹಾಕಿದ್ರೆ ವೇಗ ತಾನಾಗೇ ಇಳಿಯತ್ತೆ, ಗೇರ್ ಬೇಡ, ಸದ್ದೂ ಕಮ್ಮಿ. ಅದಕ್ಕಿಂತ ದೊಡ್ಡ ವಿಷ್ಯ ಅಂದ್ರೆ ಕಾಲುಚೀಲನೋ ಕಾರ್ಪೆಟ್ ಅಂಚೋ ಬ್ರಷ್‌ಗೆ ಸಿಕ್ಕಾಕ್ಕೊಂಡು ರೋಲರ್ ದಬಕ್ಕನೆ ನಿಂತಾಗ ಬೆಲ್ಟ್ ಜಾರತ್ತೆ ಇಲ್ಲಾ ಹರಿಯತ್ತೆ, ಮೋಟರ್ ಉಳಿಯತ್ತೆ. ಮನೆ ಮೀಟರ್ ಬೋರ್ಡಲ್ಲಿ ಫ್ಯೂಸ್ ಹೇಗೋ ಹಾಗೆ. ಫ್ಯೂಸ್ ಮತ್ತೆ ಮತ್ತೆ ಹೋದ್ರೆ ವೈರಿಂಗ್ ನೋಡ್ತೀವಿ, ಇಲ್ಲೂ ಅಷ್ಟೇ, ಬೆಲ್ಟ್ ಮತ್ತೆ ಮತ್ತೆ ಹೋಗ್ತಿದ್ರೆ ಬೇರೆ ಏನೋ ಅದನ್ನ ಹಿಂಸೆ ಮಾಡ್ತಿದೆ ಅಂತರ್ಥ.

ನೀವು ಈ ಕ್ರಮದಲ್ಲಿ ನೋಡಿ. ರೋಲರ್ ತುದಿಯ ಬೇರಿಂಗ್ ಬಿಗಿಯಾಗಿದ್ಯಾ, ಕೂದಲು ತೆಗೆದ್ಮೇಲೂ ಗರಗರ ಅನ್ನತ್ತಾ, ಅಂದ್ರೆ ರೋಲರ್ರೇ ಬದಲಾಯಿಸಬೇಕು, ಬರೀ ಬೆಲ್ಟ್ ಹಾಕಿ ಪ್ರಯೋಜನ ಇಲ್ಲ. ರೋಲರ್‌ನ ತುದಿ ಮುಚ್ಚಳ ಗೂಡಲ್ಲಿ ವಾರೆಯಾಗಿ ಕೂತಿದ್ಯಾ, ಹಾಗಿದ್ರೆ ಬೆಲ್ಟ್ ಒಂದೇ ಕಡೆಗೆ ಎಳೀತಾ ಅಂಚು ಸವೆಸ್ಕೊಳತ್ತೆ, ಹರಿದ ಬೆಲ್ಟಿನ ಒಂದು ಅಂಚು ಮಾತ್ರ ಜುಂಗುಜುಂಗಾಗಿದ್ರೆ ಇದೇ ಕಾರಣ. ಎತ್ತರ ಹೊಂದಿಸೋ ಗುಂಡಿ ಇದ್ಯಾ ನೋಡಿ, ದಪ್ಪ ಕಾರ್ಪೆಟ್ ಮೇಲೆ ತೀರಾ ಕೆಳಗಿಟ್ಟು ಓಡ್ಸಿದ್ರೆ ಬ್ರಷ್ ಅದರೊಳಗೆ ಹೂತು ಹೋಗತ್ತೆ. ಫೋನ್ ಬಂತು ಅಂತ ಮಷೀನ್ ಆನ್ ಇದ್ದಂಗೇ ಕಾರ್ಪೆಟ್ ಮೇಲೆ ಒಂದೇ ಕಡೆ ಬಿಟ್ಟು ಹೋಗೋ ಅಭ್ಯಾಸನೂ ಬೆಲ್ಟಿಗೂ ಕಾರ್ಪೆಟ್ಟಿಗೂ ಎರಡಕ್ಕೂ ಕೆಟ್ಟದ್ದು. ಕುಚ್ಚು ಇರೋ ಜಮಖಾನ ಆದ್ರೆ ಕುಚ್ಚಿನ ಕಡೆಗೆ ಹೋಗುವಾಗ ಬ್ರಷ್ ಆಫ್ ಮಾಡಿ, ಆಫ್ ಮಾಡೋ ಸ್ವಿಚ್ ಇಲ್ದಿದ್ರೆ ಆ ಅಂಚನ್ನ ಪೊರಕೆಗೆ ಬಿಡಿ.

ಇಷ್ಟೆಲ್ಲಾ ಸರಿ ಇದ್ದೂ ಹೋಗ್ತಿದ್ರೆ ಬೆಲ್ಟೇ ತಪ್ಪು ಸೈಜಿಂದು ಇರಬಹುದು, ಹೆಚ್ಚು ಬಿಗಿ ಇದ್ರೂ ಕಷ್ಟ, ಶಾಫ್ಟ್ ಬೇರಿಂಗ್ ಮೇಲೆ ಎಳೆತ ಬೀಳತ್ತೆ.

ಪ್ರಶ್ನೆ: ನಮ್ದು ಡ್ರಮ್ ಥರ ಇರೋ ವ್ಯಾಕ್ಯೂಮ್ ಕ್ಲೀನರ್, ಉದ್ದ ಪೈಪ್ ಇದೆ. ಈಚೆಗೆ ಎಳೆಯೋ ಶಕ್ತಿ ಕಮ್ಮಿ ಆಗಿದೆ. ಬೆಲ್ಟ್ ಎಲ್ಲಿರತ್ತೆ? (ಗೃಹಿಣಿ, ರಾಜಾಜಿನಗರ)

ಉತ್ತರ: ಮೇಡಂ, ನಿಮ್ಮ ಮಷೀನಲ್ಲಿ ಬೆಲ್ಟೇ ಇಲ್ಲ, ಹುಡುಕಿ ಬಿಚ್ಚಬೇಡಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿರೋದು ಇದೇ ಥರದ್ದು, ಮೋಟರ್ ಗಾಳಿ ಎಳೆಯತ್ತೆ ಅಷ್ಟೇ, ಪೈಪಿನ ತುದಿಯ ಬ್ರಷ್ ತಿರುಗಲ್ಲ. ಪೈಪ್ ತುದಿಲಿ ತಿರುಗೋ ಬ್ರಷ್ ಇದ್ರೆ ಮಾತ್ರ ಆ ತಲೆಯೊಳಗೆ ಬೆಲ್ಟ್ ಇರಬಹುದು. ನಿಮಗೆ ಬೇಕಾದ್ದು ಬ್ಯಾಗ್ ಖಾಲಿ ಮಾಡೋದು, ಫಿಲ್ಟರ್ ತೊಳೆಯೋದು (ತೊಳೆಯಬಹುದಾದ್ದಾದ್ರೆ ಮಾತ್ರ, ಮತ್ತೆ ಪೂರ್ತಿ ಒಣಗಿದ್ಮೇಲೇ ವಾಪಸ್ ಹಾಕಿ), ಪೈಪ್ ಬಿಚ್ಚಿ ಬೆಳಕಿನ ಕಡೆ ಹಿಡಿದು ಅಡ್ಡ ಏನಾದ್ರೂ ಸಿಕ್ಕಿದ್ಯಾ ನೋಡೋದು. ಪಕ್ಕದ ಸೈಟಲ್ಲಿ ಮನೆ ಕಟ್ತಿದ್ರೆ, ಮೆಟ್ರೋ ಕೆಲಸದ ರಸ್ತೆ ಪಕ್ಕ ಮನೆ ಇದ್ರೆ, ಆ ಸಿಮೆಂಟ್ ಧೂಳು ಫಿಲ್ಟರ್‌ನ ಬಹಳ ಬೇಗ ಮುಚ್ಚಿಬಿಡತ್ತೆ.

ಇನ್ನೊಂದು ಮಾತು, ಗಾಳಿ ದಾರಿ ಕಟ್ಟಿಕೊಂಡ್ರೂ ಮೋಟರ್ ಸದ್ದು ಕೀರಲಾಗಿ ಏರತ್ತೆ, ಬೆಲ್ಟ್ ಹರಿದ್ರೂ ಏರತ್ತೆ, ಎರಡರಲ್ಲೂ ಮೋಟರ್ ಮೇಲಿನ ಭಾರ ಇಳಿದಿರತ್ತೆ. ಹಾಗಾಗಿ ಸದ್ದು ಕೇಳಿ ತೀರ್ಮಾನ ಮಾಡ್ಬೇಡಿ, ಪೈಪಿನ ಬಾಯಿಗೆ ಅಂಗೈ ಇಟ್ಟು ಎಳೆತ ನೋಡಿ. ಎಳೆತ ಚೆನ್ನಾಗಿದ್ದು ಬ್ರಷ್ ನಿಂತಿದ್ರೆ ಬೆಲ್ಟ್, ಎಳೆತನೇ ಇಲ್ಲ ಅಂದ್ರೆ ಫಿಲ್ಟರ್ ಇಲ್ಲಾ ಪೈಪ್.

ಪ್ರಶ್ನೆ: ಬೆಲ್ಟ್ ಬೆಂಗಳೂರಲ್ಲಿ ಎಲ್ಲಿ ಸಿಗತ್ತೆ, ಅಳತೆ ಹೇಗೆ ಹೇಳೋದು? ಅಲ್ಲಿವರೆಗೂ ಸೈಕಲ್ ಟ್ಯೂಬ್ ಕತ್ತರಿಸಿ ಹಾಕ್ಬಹುದಾ? (ಓದುಗರು, ಬಸವನಗುಡಿ)

ಉತ್ತರ: ಟ್ಯೂಬ್ ಬೇಡ. ರಬ್ಬರ್ ಬ್ಯಾಂಡೂ ಬೇಡ, ಹರಿದ ಬೆಲ್ಟಿಗೆ ಗಮ್ ಹಾಕಿ ಅಂಟಿಸೋದೂ ಬೇಡ. ಆ ವೇಗಕ್ಕೆ ಆ ಬಿಸಿಗೆ ಇವು ತಡೆಯಲ್ಲ, ತುಂಡಾಗಿ ಶಾಫ್ಟಿಗೆ ಸುತ್ಕೊಂಡ್ರೆ ಬಿಡಿಸೋದು ದೊಡ್ಡ ಕೆಲಸ. ಅಲ್ಲಿವರೆಗೂ ರೋಲರ್ ತೆಗೆದಿಟ್ಟು ಪ್ಲೇಟ್ ಮುಚ್ಚಿ ಕೈ ಪೈಪ್ ಜೋಡಿಸಿ ಸೋಫಾ ಮೂಲೆ ಕ್ಲೀನ್ ಮಾಡ್ಕೊಳ್ಳಬಹುದು.

ಅಳತೆಗಿಂತ ಮಾಡೆಲ್ ನಂಬರ್ ಮುಖ್ಯ. ಮಷೀನ್ ಹಿಂದೆ ಇಲ್ಲಾ ಕೆಳಗೆ ಸ್ಟಿಕ್ಕರ್ ಇರತ್ತೆ, ಅದರ ಫೋಟೋ ತೆಗೀರಿ, ಬೆಲ್ಟ್ ಮೇಲೂ ಬಹಳ ಸಲ ನಂಬರ್ ಅಚ್ಚಾಗಿರತ್ತೆ. ಈ ನಂಬರ್ ಹಾಕಿ ಆನ್‌ಲೈನಲ್ಲಿ ಹುಡುಕಿದ್ರೆ ಹೊರದೇಶದ ಮಷೀನಿಂದೂ ಸಿಗೋ ಸಾಧ್ಯತೆ ಇದೆ, ಅಲ್ಲಿಂದ ಬರೋರು ಯಾರಾದ್ರೂ ಇದ್ರೆ ಇನ್ನೂ ಸುಲಭ, ಸೂಟ್‌ಕೇಸಲ್ಲಿ ಜಾಗನೇ ಬೇಡ, ಎರಡು ತರಿಸ್ಕೊಳ್ಳಿ. ಅಂಗಡಿಲೇ ನೋಡಿ ತಗೋಬೇಕು ಅಂದ್ರೆ ಟೌನ್ ಹಾಲ್ ಹತ್ತಿರದ ಎಸ್‌ಪಿ ರೋಡ್, ಎಸ್‌ಜೆಪಿ ರೋಡ್ ಕಡೆ ವಿಚಾರಿಸಿ, ಕೆ.ಆರ್. ಮಾರ್ಕೆಟ್ ಮೆಟ್ರೋ ಸ್ಟೇಷನ್‌ನಿಂದ ನಡೆದೇ ಹೋಗಬಹುದು, ಕಾರ್ ತಗೊಂಡು ಹೋದ್ರೆ ಪಾರ್ಕಿಂಗ್‌ಗೇ ಅರ್ಧ ದಿನ ಹೋಗತ್ತೆ. ಭಾನುವಾರ ಹೋಗ್ಬೇಡಿ, ಬಹಳಷ್ಟು ಅಂಗಡಿ ಬಾಗಿಲು ಹಾಕಿರ್ತಾರೆ. ಹಳೇ ಬೆಲ್ಟ್ ತುಂಡಾಗಿದ್ರೂ ಕೈಯಲ್ಲೇ ತಗೊಂಡು ಹೋಗಿ.

ಅಳತೆ ಹೇಳಲೇಬೇಕಾದ್ರೆ ಮೂರು ವಿಷ್ಯ ಬೇಕು, ಅಗಲ, ದಪ್ಪ, ಸುತ್ತಳತೆ, ಮೂರೂ ಮಿಲಿಮೀಟರಲ್ಲಿ. ಬೆಲ್ಟ್‌ನ ಚಪ್ಪಟೆ ಮಾಡಿ ಸ್ಕೇಲ್ ಮೇಲಿಟ್ಟು ಉದ್ದ ನೋಡಿ ಎರಡರಿಂದ ಗುಣಿಸಿದ್ರೆ ಸುತ್ತಳತೆ ಹೆಚ್ಚುಕಮ್ಮಿ ಸಿಗತ್ತೆ. ಆದ್ರೆ ಇದು ಹಿಗ್ಗಿದ ಬೆಲ್ಟಿನ ಅಳತೆ, ಹೊಸದು ಇದಕ್ಕಿಂತ ಕಮ್ಮಿನೇ ಇರಬೇಕು, ಅದಕ್ಕೇ ನಂಬರ್ ಇದ್ರೆ ವಾಸಿ ಅಂದಿದ್ದು. ಒಳಗಡೆ ಹಲ್ಲಿರೋ ಬೆಲ್ಟ್ ಆದ್ರೆ ಹಲ್ಲು ಎಣಿಸಿ, ಒಂದೊಂದಕ್ಕೂ ಪೆನ್ನಲ್ಲಿ ಗುರುತು ಹಾಕ್ಕೊಂಡು ಎಣಿಸಿ, ಎಣಿಕೆ ತಪ್ಪಿದ್ರೆ ಅದು ಕೂರೋದೇ ಇಲ್ಲ.

ಪ್ರಶ್ನೆ: ಬ್ಯಾಟರಿ ಹಾಕೋ ಸ್ಟಿಕ್ ವ್ಯಾಕ್ಯೂಮ್ ತಗೊಂಡಿದೀನಿ. ಬ್ರಷ್ ಒಂದ್ಸಲ ತಿರುಗತ್ತೆ, ಒಂದ್ಸಲ ಟಕಟಕ ಅಂತ ಸದ್ದು ಮಾಡಿ ನಿಲ್ಲತ್ತೆ. ಇದ್ರಲ್ಲೂ ಬೆಲ್ಟ್ ಇದ್ಯಾ? (ಓದುಗರು, ಮಾರತ್ತಹಳ್ಳಿ)

ಉತ್ತರ: ಇರಬಹುದು, ಇಲ್ದೇನೂ ಇರಬಹುದು. ಕೆಲವು ಮಾಡೆಲಲ್ಲಿ ಮೋಟರ್ ರೋಲರ್ ಒಳಗೇ ಕೂತಿರತ್ತೆ, ಅಲ್ಲಿ ಬೆಲ್ಟ್ ಇಲ್ಲ. ಬೇರೆ ಕೆಲವಲ್ಲಿ ಕೆಳಗಿನ ತಲೆಯೊಳಗೆ ಒಂದು ಪುಟ್ಟ ಮೋಟರ್ ಇದ್ದು ಹಲ್ಲಿರೋ ಸಣ್ಣ ಬೆಲ್ಟ್ ಅದನ್ನ ರೋಲರ್‌ಗೆ ಜೋಡಿಸತ್ತೆ. ಈ ಹಲ್ಲಿನ ಬೆಲ್ಟ್ ಹಿಗ್ಗಲ್ಲ, ಹಲ್ಲು ಸವೆದು ಒಂದೊಂದೇ ಹಲ್ಲು ಹಾರ್ತಾ ಹೋದಾಗ ನೀವು ಹೇಳಿದ ಟಕಟಕ ಬರತ್ತೆ. ಮೊದ್ಲು ಬ್ಯಾಟರಿ ಕಳಚಿಟ್ಟು ರೋಲರ್ ತೆಗೆದು ಕೂದಲು ಬಿಡಿಸಿ ಮತ್ತೆ ಹಾಕಿ ನೋಡಿ, ಬಹಳ ಸಲ ಅಲ್ಲಿಗೇ ಸರಿಹೋಗತ್ತೆ, ರೋಲರ್ ಬಿಗಿಯಾದ ತಕ್ಷಣ ಮೋಟರ್‌ನ ತಾನೇ ನಿಲ್ಲಿಸೋ ವ್ಯವಸ್ಥೆ ಇಂಥ ಮಷೀನಲ್ಲಿ ಇರತ್ತೆ. ಸರಿಹೋಗ್ಲಿಲ್ಲ ಅಂದ್ರೆ, ವಾರಂಟಿ ಇನ್ನೂ ಇದ್ರೆ ತಲೆ ಬಿಚ್ಚಬೇಡಿ, ಕಂಪನಿಗೇ ಕೊಡಿ. ವಾರಂಟಿ ಮುಗಿದಿದ್ರೆ ಬಿಚ್ಚಬಹುದು, ಆದ್ರೆ ತಲೆಯೊಳಗೆ ಸಣ್ಣ ವೈರ್ ಇರತ್ವೆ, ಮುಚ್ಚಳ ಎತ್ತುವಾಗ ನಿಧಾನ.

ಪ್ರಶ್ನೆ: ಅಕ್ಕ ಅಮೆರಿಕದಿಂದ ಕೊಟ್ಟು ಕಳಿಸಿದ ವ್ಯಾಕ್ಯೂಮ್ ಕ್ಲೀನರ್ ಮೇಲೆ 120 ವೋಲ್ಟ್, 60 ಹರ್ಟ್ಸ್, 12 ಆಂಪ್ ಅಂತ ಬರ್ದಿದೆ. ಟ್ರಾವೆಲ್ ಅಡಾಪ್ಟರ್ ಹಾಕಿ ಓಡಿಸ್ಬಹುದಾ? ಬೆಲ್ಟ್ ಬದಲಾಯಿಸಿ ರೆಡಿ ಮಾಡಿಟ್ಟಿದೀನಿ. (ಓದುಗರು, ಎಚ್‌ಎಸ್‌ಆರ್ ಲೇಔಟ್)

ಉತ್ತರ: ದಯವಿಟ್ಟು ಹಾಕ್ಬೇಡಿ! ಸಾಮಾನ್ಯ ಟ್ರಾವೆಲ್ ಅಡಾಪ್ಟರ್ ಪಿನ್ ಆಕಾರ ಬದಲಾಯಿಸತ್ತೆ ಅಷ್ಟೇ, ವೋಲ್ಟೇಜ್ ಇಳಿಸಲ್ಲ, ನಮ್ಮ 230 ವೋಲ್ಟ್ ನೇರವಾಗಿ ಹೋದ್ರೆ ಮೋಟರ್ ಸುಟ್ಟೇ ಹೋಗತ್ತೆ. ನಿಮಗೆ ಬೇಕಾದ್ದು ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್. 120ನ್ನ 12ರಿಂದ ಗುಣಿಸಿ, 1440 ವಾಟ್ ಆಯ್ತು, ಶುರುವಾಗುವಾಗ ಇನ್ನೂ ಜಾಸ್ತಿ ಎಳೆಯತ್ತೆ, ಹಾಗಾಗಿ 2000 ವಾಟ್‌ಗೆ ಕಮ್ಮಿ ಇರೋದು ತಗೋಬೇಡಿ. ಇದು ಭಾರದ ಪೆಟ್ಟಿಗೆ, ಒಂದು ಕೈಯಲ್ಲಿ ಎತ್ತಿ ಓಡಾಡಕ್ಕಾಗಲ್ಲ, ರೂಮಿಂದ ರೂಮಿಗೆ ಹೊರೋದು ಕಷ್ಟ ಅನ್ನೋದನ್ನ ಯೋಚ್ನೆ ಮಾಡಿ ತಗೊಳ್ಳಿ. 60 ಹರ್ಟ್ಸ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ವೈರ್ ಇರೋ ವ್ಯಾಕ್ಯೂಮ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಕಾರ್ಬನ್ ಬ್ರಷ್‌ನ ಮೋಟರ್ (ಇದು ಕಸದ ಬ್ರಷ್ ಅಲ್ಲ, ಮೋಟರ್ ಒಳಗೆ ಕರೆಂಟ್ ಮುಟ್ಟಿಸೋ ಸಣ್ಣ ತುಂಡು), ಅದು ನಮ್ಮ 50 ಹರ್ಟ್ಸಲ್ಲೂ ಓಡತ್ತೆ. 15 ಆಂಪ್‌ನ ದೊಡ್ಡ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಬೇಡ.

ಪ್ರಶ್ನೆ: ಎಷ್ಟು ದಿನಕ್ಕೆ ಬೆಲ್ಟ್ ಬದಲಾಯಿಸ್ಬೇಕು? ಒಂದು ಎಕ್ಸ್‌ಟ್ರಾ ತಂದಿಟ್ರೆ ಹಾಳಾಗತ್ತಾ? (ಓದುಗರು, ಮಲ್ಲೇಶ್ವರ)

ಉತ್ತರ: ಹಲ್ಲಿಲ್ಲದ ಚಪ್ಪಟೆ ಬೆಲ್ಟ್ ಆದ್ರೆ, ವಾರಕ್ಕೆ ಕೆಲವು ಸಲ ಓಡಿಸೋ ಮನೇಲಿ ಆರು ತಿಂಗಳಿಗೊಮ್ಮೆ ಪ್ಲೇಟ್ ತೆಗೆದು ನೋಡಿ, ವರ್ಷಕ್ಕೊಮ್ಮೆ ಬದಲಾಯಿಸೋದು ಬಹುತೇಕರಿಗೆ ಸರಿಹೋಗತ್ತೆ. ಬಿರುಕು, ಹೊಳಪು, ಅಂಚಿನಲ್ಲಿ ನೂಲು ಎದ್ದಿರೋದು, ಬೆರಳಲ್ಲಿ ಒತ್ತಿದ್ರೆ ಸಡಿಲ, ಇವುಗಳಲ್ಲಿ ಯಾವುದಿದ್ರೂ ಹರಿಯೋವರೆಗೂ ಕಾಯ್ಬೇಡಿ. ಹಲ್ಲಿನ ಬೆಲ್ಟ್ ಇದಕ್ಕಿಂತ ಬಹಳ ದಿನ ಬರತ್ತೆ.

ತಂದಿಟ್ರೆ ಹಾಳಾಗಲ್ಲ, ಆದ್ರೆ ಮೊಳೆಗೆ ನೇತು ಹಾಕ್ಬೇಡಿ, ಮಡಚಿ ರಬ್ಬರ್ ಬ್ಯಾಂಡ್ ಸುತ್ತಬೇಡಿ, ಬಿಸಿಲು ಬೀಳೋ ಕಿಟಕಿ ಹತ್ರ ಇಲ್ಲಾ ಸೀಮೆಎಣ್ಣೆ ಪೇಂಟ್ ಡಬ್ಬಿ ಇರೋ ಶೆಲ್ಫಲ್ಲಿ ಇಡಬೇಡಿ. ಜಿಪ್ ಕವರ್‌ಗೆ ಹಾಕಿ, ಮೇಲೆ ಮಾಡೆಲ್ ನಂಬರ್ ಬರೆದು, ಬೀರುವಿನ ಡ್ರಾಯರಲ್ಲಿ ಇಡಿ, ಜೊತೆಗೆ ಆ ಹೊಲಿಗೆ ಬಿಚ್ಚೋ ಕೊಕ್ಕೆನೂ ಅದೇ ಕವರಲ್ಲಿರ್ಲಿ.